ತೆಗೆದಿಟ್ಟ ತುಂಡು

ಬೀಯುನ್ ಹಂದಿ ಮಾಂಸ ಮಾರಲು ನಿಂತು ಮೂವತ್ತನಾಲ್ಕು ವರ್ಷವಾಗಿತ್ತು. ಅದರಲ್ಲಿ ಕೊನೆಯ ಹತ್ತು ವರ್ಷ ಬರೀ ಅಭ್ಯಾಸದ ಬಲದಿಂದ ನಿಂತಿದ್ದಳು ಅಂದರೂ ತಪ್ಪಿಲ್ಲ. ಬಲಗೈ ಮೇಲೆತ್ತಿದರೆ ಭುಜ ಕಟಕ್ ಅನ್ನುತ್ತಿತ್ತು. ಹತ್ತು ಗಂಟೆ ದಾಟಿದರೆ ಎಡಮೊಣಕಾಲು ತನ್ನದೇ ಅಲ್ಲ ಅನ್ನಿಸುತ್ತಿತ್ತು. ಕಸಾಯಿಖಾನೆಯ ಲಾರಿ ಐದಕ್ಕೆ ತಂದಿಳಿಸಿದ ಅರ್ಧ ಹಂದಿಯನ್ನು ಕೊಕ್ಕೆಗೆ ಏರಿಸುವಾಗ ದಿನವೂ 'ಇವತ್ತೊಂದು ದಿನ ಮಾಡಿ ಬಿಟ್ಟುಬಿಡೋಣ' ಅಂದುಕೊಳ್ಳುವಳು. ಮರುದಿನವೂ ಅದೇ ಮಾತು, ಅದೇ ಕೊಕ್ಕೆ.

ಯುನ್‌ಲಿನ್ ಜಿಲ್ಲೆಯ ಆ ಸಣ್ಣ ಊರಿನ ಮಾರುಕಟ್ಟೆಯಲ್ಲಿ ಅವಳದು ಬಾಗಿಲ ಪಕ್ಕದ ಕಟ್ಟೆ. ಮೇಲೆ ಕೆಂಪು ಮುಚ್ಚಳದ ಎರಡು ಬಲ್ಬು, ನೊಣ ಓಡಿಸಲು ದಿನವಿಡೀ ಗಿರಗಿರ ಸುತ್ತುವ ಎರಡು ಕೆಂಪು ಪಟ್ಟಿ, ನಡುವೆ ಮಾವನ ಕಾಲದ ಮರದ ಕೊರಡು. ಕತ್ತಿ ಬಿದ್ದು ಬಿದ್ದು ಕೊರಡಿನ ನಡು ಊಟದ ತಟ್ಟೆಯ ಹಾಗೆ ತಗ್ಗಾಗಿತ್ತು. ಎದುರುಗಡೆ ಚಿನ್‌ಶುಯಿಯ ಕಟ್ಟೆ. ಅವನೂ ಹಂದಿ ಮಾಂಸದವನೇ. ಬೆಳಗ್ಗೆ ಆರರಿಂದ ಬಾಯಿ ಮುಚ್ಚದೆ ಮಾತಾಡುವ ಆಸಾಮಿ.

ಅಲ್ಲಿಯ ವ್ಯಾಪಾರವೆಲ್ಲ ಬೆರಳಿನ ವ್ಯಾಪಾರ. ಹೆಂಗಸರು ಬಂದರೆ ಮಾತಿಗೆ ಮೊದಲು ತೋರುಬೆರಳು. ಒತ್ತಿದ ಗುಳಿ ತಟ್ಟನೆ ಮೇಲೇಳಬೇಕು, ಬೆರಳಿಗೆ ಒಂಚೂರು ಅಂಟಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಬೆಚ್ಚಗಿರಬೇಕು. ಮೈಬಿಸಿ ಆರದ ಮಾಂಸವೆಂದರೆ ಈ ಬೆಳಗಿನದು. ತಣ್ಣಗಿದ್ದರೆ ನಿನ್ನೆಯದು, ಇಲ್ಲವೇ ಹಡಗಿನಲ್ಲಿ ಎಲ್ಲಿಂದಲೋ ಬಂದದ್ದು. ಒತ್ತುವ ಬೆರಳು ಅದಕ್ಕೆ ಮೊದಲು ಪಕ್ಕದ ಕಟ್ಟೆಯ ಮೀನಿನ ಕಿವಿರು ಬಿಡಿಸಿ ನೋಡಿತ್ತೋ, ಮೊಮ್ಮಗನ ಮೂಗು ಒರೆಸಿತ್ತೋ, ಅದನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಬೀಯುನ್‌ಳ ಎಡಹೆಗಲ ಮೇಲೆ ಸದಾ ಒಂದು ಬಟ್ಟೆ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಹೊದೆಸಿದ್ದು ಅದು. ಬಟ್ಟೆ ಎಷ್ಟೋ ಬದಲಾಗಿತ್ತು, ಹೆಗಲು ಬದಲಾಗಿರಲಿಲ್ಲ. ಒದ್ದೆ ಮಾಂಸ ಕಂಡರೆ ಜನ ನೀರು ಹೊಡೆದಿದ್ದಾರೆ ಎನ್ನುತ್ತಾರೆ, ಅದಕ್ಕೇ ಒರೆಸುತ್ತಿರಬೇಕು ಎಂದು ಅತ್ತೆ ಕಲಿಸಿದ್ದಳು. ಮರೆತ ದಿನ ಕತ್ತಿಯ ಹಿಡಿಯಿಂದ ಬೆರಳ ಗಿಣ್ಣಿಗೆ ಬಡಿದಿದ್ದಳು. ಹಾಗಾಗಿ ಬೀಯುನ್ ಒರೆಸುತ್ತಲೇ ಇದ್ದಳು. ಕೊಕ್ಕೆಯ ಮಾಂಸ, ಕೊರಡು, ಕತ್ತಿ, ಕೈ, ಸೆಖೆಯಾದರೆ ಕತ್ತು, ಎಲ್ಲದಕ್ಕೂ ಅದೇ ಬಟ್ಟೆ. ಮಧ್ಯಾಹ್ನ ಕಟ್ಟೆ ಮುಚ್ಚುವಾಗ ಹಿಂಡಿ ಮೊಳೆಗೆ ನೇತುಹಾಕುವಳು. ಅವಳ ಮಾಂಸದಷ್ಟು ಒಣಗಿದ, ಮಿರಮಿರ ಮಿಂಚುವ ಮಾಂಸ ಇಡೀ ಮಾರುಕಟ್ಟೆಯಲ್ಲಿ ಇಲ್ಲ ಎಂಬ ಹೆಸರಿತ್ತು.

ಎರಡು ವರ್ಷದ ಹಿಂದೆ ಸರ್ಕಾರ ಗಾಜಿನ ಬಾಗಿಲಿನ ತಂಪು ಪೆಟ್ಟಿಗೆಯೊಂದನ್ನು ಕೊಡಿಸಿತ್ತು. ಒಂದು ದಿನ ಅದರಲ್ಲಿ ಮಾಂಸ ಇಟ್ಟು ನೋಡಿದಳು. ಬೆರಳು ಒತ್ತಿದವರೆಲ್ಲ ಬಿಸಿ ತಗುಲಿದ ಹಾಗೆ ಕೈ ಹಿಂದೆಗೆದು ಚಿನ್‌ಶುಯಿಯ ಕಡೆ ಹೋದರು. ಆಮೇಲಿಂದ ಪೆಟ್ಟಿಗೆಯಲ್ಲಿ ಅವಳ ಊಟದ ಡಬ್ಬಿ, ಸೋಯಾ ಹಾಲಿನ ಬಾಟಲಿ, ಪಕ್ಕದ ತರಕಾರಿಯವಳ ಕೊತ್ತಂಬರಿ ಕಟ್ಟು ತಣ್ಣಗೆ ಕೂತಿದ್ದವು.

ಕೊರಡಿನ ಕೆಳಗೆ ಒಂದು ಹಲಗೆ ಇತ್ತು. ಅದು ಬೇಕಾದವರ ಜಾಗ. ಹಂದಿ ಕೊಯ್ದ ಕೂಡಲೇ ಒಳ್ಳೆಯ ತುಂಡೊಂದನ್ನು ಬೇರೆ ಮಾಡಿ, ಹೆಗಲ ಬಟ್ಟೆಯಲ್ಲಿ ಒರೆಸಿ, ಅಂಥದೇ ಇನ್ನೊಂದು ಹಿಂಡಿದ ಬಟ್ಟೆಯಲ್ಲಿ ಸುತ್ತಿ, ಅಲ್ಲಿಡುವುದು. ಯಾರಿಗೆ ತೆಗೆದಿಡುತ್ತಾರೋ ಅವರು ಬರೀ ಗಿರಾಕಿಯಲ್ಲ, ಮನೆಯವರಿದ್ದ ಹಾಗೆ. ಆ ಹಲಗೆಯ ಮೇಲೆ ಇಪ್ಪತ್ತೆಂಟು ವರ್ಷದಿಂದ ಜಾಗ ಹಿಡಿದವಳು ಚುನ್‌ಮಿಯಾನ್.

ಚುನ್‌ಮಿಯಾನ್ ಬೀಯುನ್‌ಗಿಂತ ನಾಲ್ಕು ವರ್ಷ ದೊಡ್ಡವಳು. ದಪ್ಪ ದನಿ, ದಪ್ಪ ನಗು. ಬೀಯುನ್‌ಳ ಗಂಡ ಸತ್ತಾಗ ಸೂತಕದ ನಲವತ್ತೊಂಬತ್ತು ದಿನವೂ ಗಂಜಿ ಹೊತ್ತು ತಂದವಳು. ಅವಳು ದೇವಸ್ಥಾನದ ಅಂಗಳ ಗುಡಿಸಿ, ದೀಪ ಹಚ್ಚಿ, ಊರ ಸುದ್ದಿಯನ್ನೆಲ್ಲ ಕೇಳಿಸಿಕೊಂಡು ಹತ್ತೂವರೆಗೆ ಮಾರುಕಟ್ಟೆಗೆ ಬರುವಳು. ಅಷ್ಟು ಹೊತ್ತಿಗೆ ಒಳ್ಳೆಯದೆಲ್ಲ ಮಾರಿಹೋಗಿರುವುದರಿಂದ ತೆಗೆದಿಡಲೇಬೇಕು. ಹತ್ತು ತಿಂಗಳ ಮೊಮ್ಮಗನಿಗೆ ಗಂಜಿ ಶುರುಮಾಡಿದ ಮೇಲಂತೂ ದಿನ ಬಿಟ್ಟು ದಿನ ಭುಜದ ಎಳೆಮಾಂಸ ಬೇಕು. ಎರಡು ಸಲ ಅರೆಯಬೇಕು.

ಒಂದು ಮಂಗಳವಾರ ಒಂಬತ್ತರ ಸುಮಾರಿಗೆ ಆರೋಗ್ಯ ಇಲಾಖೆಯಿಂದ ಲಾಯ್ ಎಂಬ ಹುಡುಗಿ ಬಂದಳು. ಕೈಯಲ್ಲಿ ಮಂಜುಗಡ್ಡೆಯ ಡಬ್ಬಿ, ಕೊರಳಲ್ಲಿ ಗುರುತಿನ ಚೀಟಿ. ಜಿಲ್ಲೆಯ ಎಲ್ಲ ಮಾರುಕಟ್ಟೆಗಳ ಮಾಂಸ ಪರೀಕ್ಷೆ ನಡೆಯುತ್ತಿದೆಯಂತೆ.

"ಅಮ್ಮ, ಒಂದು ಸಣ್ಣ ತುಂಡು ಸಾಕು. ಆಮೇಲೆ ಈ ಹತ್ತಿಕಡ್ಡೀಲಿ ಕೊರಡು, ಬಟ್ಟೆ ಒರೆಸ್ಕೊಂಡು ಹೋಗ್ತೀನಿ."

"ಒರೆಸ್ಕೋ ತಾಯಿ, ಒರೆಸ್ಕೋ. ನಂಗೊಂದು ಕೆಲಸ ಕಮ್ಮಿಯಾಯ್ತು."

ಹುಡುಗಿ ಕೊಕ್ಕೆಯ ಮಾಂಸದ ಕಡೆ ಚಿಮಟ ಚಾಚಿದಳು. ಎದುರಿಂದ ಚಿನ್‌ಶುಯಿ ಕೂಗಿದ. "ನೋಡಮ್ಮ, ಅವಳದ್ರಲ್ಲಿ ಹುಳ ಸಿಕ್ರೆ ನನ್ನತ್ರ ಬಾ. ನಂದ್ರಲ್ಲಿ ಬರೀ ಕೊಬ್ಬು."

"ನಿನ್ನ ನಾಲಿಗೇಲಿರೋ ಕೊಬ್ಬು ಮಾಂಸದಲ್ಲಿ ಎಲ್ಲಿದ್ಯೋ?" ಎಂದು ಬೀಯುನ್ ಅವನ ಬಾಯಿ ಮುಚ್ಚಿಸಿದಳು. ಆದರೆ ಮಾತು ನಾಟಿತ್ತು. ಬಗ್ಗಿ, ಹಲಗೆಯ ಮೇಲಿನ ಗಂಟು ತೆಗೆದು ಬಿಚ್ಚಿದಳು. "ಅದು ಬೇಡ, ಅದು ಎಲ್ರಿಗೂ ಮಾರೋದು. ಇದ್ರಲ್ಲಿ ತಗೋ. ಸರ್ಕಾರಕ್ಕೆ ಕೊಡೋವಾಗ ಒಳ್ಳೇದೇ ಕೊಡ್ಬೇಕಲ್ಲ. ಮಗೂಗೆ ಅಂತ ಎತ್ತಿಟ್ಟಿದ್ದು."

"ಇದು ಎಷ್ಟೊತ್ತಿಂದ ಇಲ್ಲಿದೆ ಅಮ್ಮ?"

"ಐದೂಕಾಲಿಂದ. ಮೊದಲು ಕೊಯ್ದಿದ್ದೇ ಇದನ್ನ." ಹೆಮ್ಮೆಯಿಂದಲೇ ಹೇಳಿದಳು.

ಲಾಯ್ ಏನೋ ಬರೆದುಕೊಂಡಳು. ಕೊಕ್ಕೆಯದರಲ್ಲಿ ಒಂದು ಚೂರು, ಗಂಟಿನದರಲ್ಲಿ ಒಂದು ಚೂರು ಬೇರೆ ಬೇರೆ ಚೀಲಕ್ಕೆ ಹಾಕಿಕೊಂಡಳು. ಹೋಗುವಾಗ ತಂಪು ಪೆಟ್ಟಿಗೆಯ ಕೊತ್ತಂಬರಿಯ ಕಡೆ ಒಂದು ಸಲ ನೋಡಿದಳು.

ಹತ್ತೂವರೆಗೆ ಚುನ್‌ಮಿಯಾನ್ ಬಂದು, ಆ ತುಂಡಿನ ಉಳಿದದ್ದನ್ನು ಬೆರಳಲ್ಲಿ ಒತ್ತಿ "ಆಹಾ" ಅಂದು, ಎರಡು ಸಲ ಅರೆಸಿಕೊಂಡು ಹೋದಳು.

ಮರುದಿನ ಬುಧವಾರ ಬಂದವಳು ಕಟ್ಟೆಗೆ ಒರಗಿ ನಗುವುದಕ್ಕೇ ಶುರುಮಾಡಿದಳು.

"ಕೇಳಿದ್ಯೇನೇ ಬೀಯುನ್? ನನ್ನ ಸೊಸೆ ಹೇಳ್ತಾಳೆ, ನಿನ್ನ ಮಾಂಸ ವಾಸನೆಯಂತೆ!"

ಸೊಸೆ ಎಂದರೆ ಥಾಮ್. ವಿಯೆಟ್ನಾಮಿನಿಂದ ಮದುವೆಯಾಗಿ ಬಂದು ಮೂರು ವರ್ಷ. ಗಂಡ ಕಾರ್ಖಾನೆಯ ರಾತ್ರಿಪಾಳಿಯವನು, ಹಗಲು ನಿದ್ದೆ. ಮನೆಯಲ್ಲಿ ಅತ್ತೆಯದೇ ದರ್ಬಾರು. ಥಾಮ್ ಮಾರುಕಟ್ಟೆಗೆ ಬಂದರೆ ಚೀಲ ಹಿಡಿದು ಅತ್ತೆಯ ಹಿಂದೆ ನಿಲ್ಲುವಳು. ಮಾಂಸ ಒತ್ತಿ ನೋಡುವ ಕೆಲಸ ಅವಳಿಗೆ ಬರುವುದಿಲ್ಲ ಎಂದು ಚುನ್‌ಮಿಯಾನ್ ತೀರ್ಮಾನಿಸಿದ್ದಳು. ಆವತ್ತೂ ಹಿಂದೆಯೇ ನಿಂತಿದ್ದಳು, ಮಗುವನ್ನು ಎದೆಗೆ ಕಟ್ಟಿಕೊಂಡು.

"ನನ್ನ ಮಾಂಸಾನಾ?" ಬೀಯುನ್ ಕತ್ತಿ ಕೆಳಗಿಟ್ಟಳು.

"ಹೂಂ ಕಣೆ! ಒಂಥರಾ ವಾಸನೆ ಅತ್ತೆ, ಇನ್ನೂ ಸ್ವಲ್ಪ ಹೊತ್ತು ಕುದಿಸ್ತೀನಿ ಅಂತಾಳೆ. ಕೈಗೊಂದು ಏಟು ಕೊಟ್ಟು ಒಲೆ ಆರಿಸ್ದೆ. ಬೆಚ್ಚಗಿರೋ ಮಾಂಸ, ಬಿಸಿ ಗಂಜೀಗೆ ಹಾಕಿ ಎರಡು ಸುತ್ತು ತಿರುವಿದ್ರೆ ಸಾಕು, ಬೆಣ್ಣೆ ಥರ ಇರುತ್ತೆ. ಇವಳು ಹೇಳ್ದ ಹಾಗೆ ಕುದಿಸಿದ್ರೆ ಮಗು ಚಪ್ಪಲಿ ಅಗೀಬೇಕಿತ್ತು!"

ಇಬ್ಬರೂ ನಕ್ಕರು. ಬೀಯುನ್ ಸ್ವಲ್ಪ ಹೆಚ್ಚಾಗಿಯೇ ನಕ್ಕಳು, ಯಾಕೆಂದರೆ ಮಾತು ಚುಚ್ಚಿತ್ತು. "ಏನಮ್ಮ ಥಾಮ್, ನಿಮ್ಮೂರಲ್ಲಿ ಹಂದೀಗೆ ಸೆಂಟು ಹೊಡೆದು ಮಾರ್ತಾರೇನು?" ಎಂದು ಕೇಳಿದಳು. ಚಿನ್‌ಶುಯಿಯೂ ಅಲ್ಲಿಂದಲೇ ಹಲ್ಲು ಕಿಸಿದ. ಥಾಮ್ ಮುಖ ಕೆಂಪಗೆ ಮಾಡಿಕೊಂಡು, ತಾನೂ ಒಂದು ನಗು ತಂದುಕೊಂಡು, ಮಗುವಿನ ಟೋಪಿ ಸರಿಮಾಡಿದಳು.

ಅದೇ ಸಂಜೆ ಮಗುವಿಗೆ ಜ್ವರ ಬಂತು. ಗುರುವಾರ ಬೆಳಿಗ್ಗೆ ಭೇದಿಯಲ್ಲಿ ರಕ್ತ ಕಂಡಿತು. ಆಸ್ಪತ್ರೆಗೆ ಹಾಕಿದರು.

ಆಮೇಲಿನ ಒಂದು ವಾರ ಚುನ್‌ಮಿಯಾನ್ ಮಾಂಸಕ್ಕೆ ಬರಲಿಲ್ಲ, ಸಂಕಟ ಹೇಳಿಕೊಳ್ಳಲು ಬಂದಳು. ಸಾಲ್ಮೊನೆಲ್ಲಾ ಎಂಬ ರೋಗಾಣುವಂತೆ. ಹೊಟ್ಟೆಯಿಂದ ರಕ್ತಕ್ಕೂ ಇಳಿದಿದೆಯಂತೆ. ಎಲ್ಲಿಂದ ಬಂತು ಎಂದರೆ ಡಾಕ್ಟರು ಮೊಟ್ಟೆ ಅಂದರು, ಮಾಂಸ ಅಂದರು, ತೊಳೆಯದ ಕೈ ಅಂದರು. ಮೂರರಲ್ಲಿ ಚುನ್‌ಮಿಯಾನ್ ಒಂದನ್ನು ಆಗಲೇ ಆರಿಸಿಕೊಂಡಿದ್ದಳು.

"ಕೈ ಕಣೆ, ಕೈ! ಕೋಳಿ ಮೊಟ್ಟೆ ಮುಟ್ಟಿ ಹಾಗೇ ಮಗು ಮುಟ್ತಾಳೆ. ಎಷ್ಟು ಸಲ ಬಡ್ಕೊಂಡಿದೀನಿ. ಮಗು ಆಸ್ಪತ್ರೆಯಿಂದ ಬರ್ಲಿ, ಅವಳ ಕೈಗೆ ಕೊಡಲ್ಲ. ತಾಯ್‌ಚುಂಗ್ ಪಟ್ಟಣದಲ್ಲಿರೋ ನನ್ನ ಮಗಳಿಗೆ ಹೇಳಿದೀನಿ. ಭಾನುವಾರ ಕಾರು ತರ್ತಾಳೆ. ಅಲ್ಲೇ ಬೆಳೀಲಿ, ಶಾಲೆಗೆ ಸೇರೋವರೆಗೂ."

"ತಾಯಿ ಬಿಟ್ಟು ಹೇಗಿರುತ್ತೆ ಅಕ್ಕ?"

"ತಾಯಿ ಜೊತೆ ಇದ್ದಿದ್ದಕ್ಕೇ ತಾನೆ ಈ ಗತಿ?"

ಬೀಯುನ್‌ಗೆ ಥಾಮ್‌ಳ ಮೇಲೆ ಅಯ್ಯೋ ಅನ್ನಿಸಿತು. ಅಯ್ಯೋ ಅನ್ನುವುದಕ್ಕೆ ಖರ್ಚೇನೂ ಇಲ್ಲ. ಅಂದುಕೊಂಡು ಮತ್ತೆ ಕತ್ತಿ ಎತ್ತಿಕೊಂಡಳು. ಅರ್ಧ ಹಂದಿ ಇನ್ನೂ ಕೊಕ್ಕೆಯ ಮೇಲಿತ್ತು.

ಎರಡನೆಯ ಶುಕ್ರವಾರ ಲಾಯ್ ಮತ್ತೆ ಬಂದಳು. ಕಟ್ಟೆ ಮುಚ್ಚುವ ಹೊತ್ತು. ಒಂದು ಹಾಳೆ ತೆಗೆದು ಕೊರಡಿನ ಒಣಗಿದ ಅಂಚಿನ ಮೇಲೆ ಇಟ್ಟಳು. ನಾಲ್ಕು ಸಾಲು. ಕೊಕ್ಕೆಯ ಮಾಂಸ, ಪರವಾಗಿಲ್ಲ. ಕೊರಡು, ಅಷ್ಟಕ್ಕಷ್ಟೆ. ಬಟ್ಟೆಯ ಎದುರು ಕೆಂಪು ಗುರುತು. ತೆಗೆದಿಟ್ಟ ತುಂಡಿನ ಎದುರು ಕೆಂಪು ಗುರುತು, ಎರಡರ ಪಕ್ಕದಲ್ಲೂ ಅದೇ ಹೆಸರು, ಸಾಲ್ಮೊನೆಲ್ಲಾ.

ಬೀಯುನ್ ಕನ್ನಡಕ ಹಾಕಿಕೊಂಡು ಓದಿದಳು. ಮತ್ತೆ ಓದಿದಳು. "ಅದಲು ಬದಲು ಆಗಿರ್ಬೇಕು ತಾಯಿ. ಅದು ನಾನು ಎತ್ತಿಟ್ಟಿದ್ದು. ಎಲ್ಲಕ್ಕಿಂತ ಒಳ್ಳೇದು."

"ಒಳ್ಳೇದೇ ಇತ್ತು ಅಮ್ಮ, ಕೊಯ್ದಾಗ." ಹುಡುಗಿ ಮೆಲ್ಲಗೆ ಹೇಳಿದಳು. "ಕೊಕ್ಕೇಲಿರೋದಕ್ಕೆ ಗಾಳಿ ಆಡುತ್ತೆ, ಮೇಲೆ ಒಣಗುತ್ತೆ, ಬೇಗ ಮಾರಿಹೋಗುತ್ತೆ. ಇದು ನಾನು ಬರೋವರೆಗೆ ಸುಮಾರು ನಾಲ್ಕು ತಾಸು ಆ ಒದ್ದೆ ಬಟ್ಟೇಲಿ ಬೆಚ್ಚಗೆ ಕೂತಿತ್ತು. ಬಟ್ಟೇಲಿ ಏನೇನಿತ್ತೋ ಎಲ್ಲಾ ಇದಕ್ಕೆ ಬಂತು. ಈ ಸೆಖೇಲಿ ಅರ್ಧ ಗಂಟೆಗೆ ಒಂದು ರೋಗಾಣು ಎರಡಾಗುತ್ತೆ, ಎರಡು ನಾಲ್ಕಾಗುತ್ತೆ."

ಬೀಯುನ್‌ಳ ಕೈ ತಾನಾಗಿ ಹೆಗಲಿಗೆ ಹೋಯಿತು. ಬಟ್ಟೆ ಮುಟ್ಟಿ ಹಿಂದಕ್ಕೆ ಬಂತು.

"ಹೆದರ್ಬೇಡಿ. ದಂಡ ಇಲ್ಲ, ಇದು ಬರೀ ಸಮೀಕ್ಷೆ. ನಿಮ್ಮ ಹೆಸರು ಎಲ್ಲೂ ಬರಲ್ಲ. ಬಟ್ಟೆ ಬಿಟ್ಬಿಡಿ, ಪೆಟ್ಟಿಗೆ ಬಳಸಿ. ಇನ್ನೆರಡು ವಾರಕ್ಕೆ ಬಂದು ನೋಡ್ತೀನಿ."

"ಇದು... ಮಗೂನ ಹೊಟ್ಟೆಗೆ ಹೋದ್ರೆ?"

ಲಾಯ್ ತಲೆ ಎತ್ತಿದಳು. "ಯಾರಿಗಾದ್ರೂ ಹುಷಾರಿಲ್ವಾ ಅಮ್ಮ?"

"ಇಲ್ಲ ತಾಯಿ. ಸುಮ್ನೆ ಕೇಳ್ದೆ."

ಹುಡುಗಿ ಹೋದ ಮೇಲೆ ಬೀಯುನ್ ಬೋರಲು ಹಾಕಿದ್ದ ಒಂದು ಡಬ್ಬದ ಮೇಲೆ ಕೂತಳು. ಮೊಟ್ಟೆಯೂ ಇರಬಹುದು ಎಂದುಕೊಂಡಳು. ಡಾಕ್ಟರೇ ಮೂರು ಹೇಳಿದ್ದಾರಲ್ಲ. ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಹಾಳೆ ಮಡಿಸಿ ಜೇಬಿಗೆ ಹಾಕಿ ಕೈ ತೊಳೆದುಕೊಂಡರೆ ಮುಗಿಯಿತು. ಇನ್ನೆರಡು ವರ್ಷ ಹೇಗೋ ತಳ್ಳಿ ಕಟ್ಟೆ ಬಿಡುವವಳಿಗೆ ಈ ಉಸಾಬರಿ ಯಾಕೆ? ಹೀಗೆಲ್ಲ ಯೋಚಿಸಲು ಅವಳಿಗೆ ನಾಚಿಕೆಯೂ ಆಗಲಿಲ್ಲ, ಅಷ್ಟು ದಣಿವಾಗಿತ್ತು.

ಆದರೆ ಬೇರೊಂದು ಬಿಡಲಿಲ್ಲ. ಥಾಮ್ ವಾಸನೆ ಅಂದಿದ್ದಳು. ಮೂವತ್ತನಾಲ್ಕು ವರ್ಷದ ತನ್ನ ಮೂಗಿಗೆ ಬಾರದ್ದು ಅವಳ ಮೂಗಿಗೆ ಬಂದಿತ್ತು. ಕುದಿಸುತ್ತೇನೆ ಅಂದಿದ್ದಳು. ಕುದಿಸಿದ್ದರೆ ಮಗು ಆಡಿಕೊಂಡಿರುತ್ತಿತ್ತು. ಅದನ್ನು ಹೇಳಿದ್ದಕ್ಕೆ ತಾನು ಇಡೀ ಮಾರುಕಟ್ಟೆಯ ಎದುರು ಅವಳನ್ನು ಆಡಿಕೊಂಡು ನಕ್ಕಿದ್ದಳು. ಬೀಯುನ್ ಬಟ್ಟೆಯನ್ನು ಹೆಗಲಿಂದ ತೆಗೆದು ಮೂಗಿಗೆ ಹಿಡಿದಳು. ಏನೂ ವಾಸನೆ ಬರಲಿಲ್ಲ. ಅವಳಿಗೆ ಅದು ತನ್ನ ಮೈಯ ವಾಸನೆಯೇ ಆಗಿತ್ತು.

ಆ ರಾತ್ರಿ ಹೇಗೋ ಕಳೆಯಿತು. ಶನಿವಾರ ಮಧ್ಯಾಹ್ನ ಕಟ್ಟೆ ಮುಚ್ಚಿ, ಬಟ್ಟೆಯನ್ನೂ ಹಾಳೆಯನ್ನೂ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಚುನ್‌ಮಿಯಾನ್‌ಳ ಮನೆಗೆ ಸ್ಕೂಟರು ತಿರುಗಿಸಿದಳು. ದಾರಿಯಲ್ಲಿ ಎರಡು ಸಲ ನಿಲ್ಲಿಸಿದಳು. ಎರಡು ಸಲವೂ ಹಿಂದಿನವರು ಹಾರ್ನ್ ಬಾರಿಸಿದ್ದರಿಂದ ಮುಂದೆ ಹೋದಳು.

ಮುಂದಿನ ಕೋಣೆಯಲ್ಲಿ, ತೀರಿಕೊಂಡ ಹಿರಿಯರ ಪೂಜೆಯ ಪೀಠದ ಕೆಳಗೆ, ಮಗುವಿನ ಬಟ್ಟೆಯ ಚೀಲ ತುಂಬಿ ಸಿದ್ಧವಾಗಿತ್ತು. ಬೆಳಿಗ್ಗೆಯಷ್ಟೇ ಆಸ್ಪತ್ರೆಯಿಂದ ಬಂದ ಮಗು ಅಜ್ಜಿಯ ತೊಡೆಯ ಮೇಲೆ ಮಲಗಿತ್ತು. ಕೆನ್ನೆ ಇಳಿದು ಕಣ್ಣೇ ದೊಡ್ಡದಾಗಿ ಕಾಣುತ್ತಿತ್ತು. ಥಾಮ್ ಅಡುಗೆಮನೆಯ ನೆಲ ತಿಕ್ಕುತ್ತಿದ್ದಳು. ಬ್ಲೀಚಿನ ಘಾಟು ಕಣ್ಣಿಗೆ ಹೊಡೆಯುತ್ತಿತ್ತು. ಅವಳ ಬೆರಳ ತುದಿಗಳ ಚರ್ಮ ಬೆಳ್ಳಗೆ ಸುಲಿದಿತ್ತು.

"ಬಾರೇ, ಕೂತ್ಕೋ. ಮೂಳೆ ಸಾರಿಗೆ ಏನಾದ್ರೂ ತಂದ್ಯಾ?" ಎಂದಳು ಚುನ್‌ಮಿಯಾನ್.

"ಇಲ್ಲ ಅಕ್ಕ." ಕೂರಲಿಲ್ಲ. ಕೂತರೆ ಮಾತು ಹೊರಡುವುದಿಲ್ಲ ಎಂದು ಗೊತ್ತಿತ್ತು. "ಅಕ್ಕ, ಮಗೂಗೆ ಬಂದಿದ್ದು ನನ್ನ ಮಾಂಸದಿಂದ."

"ಏನಂದೆ?"

"ಆ ಮಂಗಳವಾರ ನಿಂಗೆ ತೆಗೆದಿಟ್ಟಿದ್ದೆನಲ್ಲ, ಅದೇ ತುಂಡಿನ ಚೂರು ಇಲಾಖೆಯವರು ತಗೊಂಡೋಗಿದ್ರು. ಅದ್ರಲ್ಲಿ ಅದೇ ರೋಗ ಸಿಕ್ಕಿದೆ. ಬಟ್ಟೇಲೂ ಸಿಕ್ಕಿದೆ. ಇಗೋ ಹಾಳೆ. ನಾನು ಬೆಳಿಗ್ಗೆ ಐದರಿಂದ ಹತ್ತೂವರೆವರೆಗೂ ಒದ್ದೆ ಬಟ್ಟೇಲಿ ಸುತ್ತಿಟ್ಟಿದ್ದೆ. ಥಾಮ್‌ದು ಏನೂ ತಪ್ಪಿಲ್ಲ."

ಅಡುಗೆಮನೆಯಲ್ಲಿ ತಿಕ್ಕುವ ಸದ್ದು ನಿಂತಿತು.

ಚುನ್‌ಮಿಯಾನ್ ಹಾಳೆ ಮುಟ್ಟಲಿಲ್ಲ. ಬೀಯುನ್‌ಳ ಮುಖ ನೋಡಿ ನಕ್ಕುಬಿಟ್ಟಳು. "ಅಲ್ವೇ, ಇಪ್ಪತ್ತೆಂಟು ವರ್ಷ ನಿನ್ನ ಕೈಯಿಂದ ತಿಂದಿದೀನಿ. ಒಂದು ದಿನ ಹೊಟ್ಟೆ ನೋವು ಅಂದಿದೀನಾ? ನಾನೇ ಒತ್ತಿ ನೋಡಿ ತಂದೆ. ಬೆಚ್ಚಗಿತ್ತು. ಒಣಗಿತ್ತು. ಹಾಳೆ ಹೇಳಿದ್ರೆ ನನ್ನ ಬೆರಳು ಸುಳ್ಳಾಗುತ್ತಾ? ಇವಳ ಮೇಲೆ ಕನಿಕರ ಬಂದು ನಿನ್ನ ತಲೆ ಮೇಲೆ ಹಾಕ್ಕೊಳೋಕೆ ಬಂದಿದೀಯ. ನಂಗೊತ್ತು ನಿನ್ನ ಬುದ್ಧಿ."

"ಬೆಚ್ಚಗಿದ್ದಿದ್ದೇ ತಪ್ಪಂತೆ ಅಕ್ಕ."

"ಯಾವಳೋ ಚೀಟಿ ನೇತುಹಾಕ್ಕೊಂಡ ಹುಡುಗಿ ಹೇಳಿದ್ದು!"

"ನಿನ್ನ ಮನೇಲೇ ಒಬ್ಳು ಹೇಳಿದ್ಲಲ್ಲ. ಅದೇ ದಿನ. ವಾಸನೆ ಇದೆ, ಕುದಿಸ್ತೀನಿ ಅಂತ." "ಅವಳು ಕುದಿಸಿದ್ರೆ ಏನೂ ಆಗ್ತಿರ್ಲಿಲ್ಲ. ನೀನು ಒಲೆ ಆರಿಸ್ದೆ. ನಾನು ನಕ್ಕೆ."

ಈಗ ಚುನ್‌ಮಿಯಾನ್‌ಳ ಮುಖದಿಂದ ನಗು ಇಳಿಯಿತು. ಅವಳಿಗೆ ಅರ್ಥವಾಯಿತು, ಬೀಯುನ್‌ಗೆ ಅದು ಕಣ್ಣಾರೆ ಕಾಣಿಸಿತು. ಮಾಂಸವೇ ತಪ್ಪಾದರೆ ತಡವಾಗಿ ಬಂದವಳು ಯಾರು, ತೆಗೆದಿಡು ಅಂದವಳು ಯಾರು, ಒಲೆ ಆರಿಸಿದವಳು ಯಾರು ಎಂಬ ಲೆಕ್ಕವೆಲ್ಲ ಬಾಗಿಲಿಗೆ ಬರುತ್ತದೆ. ಮಗುವನ್ನು ಇನ್ನಷ್ಟು ಎದೆಗೆ ಅವುಚಿಕೊಂಡಳು.

"ಹಾಗಾದ್ರೆ ನಾನೇ ಮೊಮ್ಮಗನಿಗೆ ವಿಷ ಹಾಕ್ದೆ ಅಂತೀಯಾ?"

"ನಾನು ಹಾಕ್ದೆ ಅಂತೀನಿ ಅಕ್ಕ. ಪ್ರೀತಿಯಿಂದ ಎತ್ತಿಟ್ಟೆ ನೋಡು, ಅದೇ ಆಗಿದ್ದು."

ಥಾಮ್ ಬಾಗಿಲಿಗೆ ಬಂದು ನಿಂತಿದ್ದಳು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬೀಯುನ್ ಅವಳ ಕಡೆ ತಿರುಗಿ ಏನೋ ಹೇಳಬೇಕೆಂದು ಬಾಯಿ ತೆರೆದಳು. ಅವಳು ಅಳುತ್ತಾಳೆ ಅಂದುಕೊಂಡಿದ್ದಳು, ಅತ್ತರೆ ಸಮಾಧಾನ ಹೇಳಿ ತಾನೂ ಅತ್ತು ಹಗುರಾಗಬಹುದಿತ್ತು. ಥಾಮ್ ಅಳಲಿಲ್ಲ.

"ಚಿಕ್ಕಮ್ಮ, ಆವತ್ತು ನೀವೂ ನಕ್ರಿ," ಎಂದಳು. "ಜೋರಾಗಿ ನಕ್ರಿ. ನಾನು ಮನೆಗೆ ಬಂದು ನನ್ನ ಮೂಗೇ ಸರಿ ಇಲ್ಲ ಅಂದ್ಕೊಂಡೆ. ಮಗೂಗೆ ಉಳಿದಿದ್ದ ಗಂಜೀನೂ ತಿನ್ನಿಸ್ದೆ."

ಇಷ್ಟು ವರ್ಷ ನಾಲಿಗೆಯ ಮೇಲೆ ವ್ಯಾಪಾರ ಮಾಡಿದ ಬೀಯುನ್, ಪ್ಲಾಸ್ಟಿಕ್ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ತಲೆ ತಗ್ಗಿಸಿದಳು.

ಕೊನೆಗೆ ಎದ್ದವಳು ಚುನ್‌ಮಿಯಾನ್. ಸೊಸೆಯ ಮುಖ ನೋಡದೆ, ಕ್ಷಮಿಸು ಅನ್ನದೆ, ಮಗುವನ್ನು ಅವಳ ಒದ್ದೆ ಕೈಗೆ ಕೊಟ್ಟಳು. "ಒರೆಸ್ಕೊಂಡು ಎತ್ಕೋ, ಹಸಿದಿದೆ," ಎಂದಳು. ಒಳಗೆ ಹೋಗಿ ಫೋನಿನಲ್ಲಿ ಮಗಳಿಗೆ ಹೇಳುತ್ತಿದ್ದದ್ದು ಹೊರಗೆ ಕೇಳಿಸಿತು. "ನಾಳೆ ಬರ್ಬೇಡ ಕಣೆ. ಮಗು ಸೋತಿದೆ, ಪ್ರಯಾಣ ಆಗಲ್ಲ... ಆಮೇಲೆ ನೋಡೋಣ." ಬೀಯುನ್ ಹೊರಡುವಾಗ ಅವಳು ಬಾಗಿಲಿಗೆ ಬರಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಅದೇ ಮೊದಲು.

ಸೋಮವಾರ ಮಾಂಸದವರಿಗೆ ರಜ. ಬೀಯುನ್ ಪೆಟ್ಟಿಗೆ ತೊಳೆದಳು, ಕೊತ್ತಂಬರಿಯನ್ನು ತರಕಾರಿಯವಳಿಗೆ ಹಿಂದಿರುಗಿಸಿದಳು, ಕೊರಡಿಗೆ ಕುದಿನೀರು ಸುರಿದು ಉಪ್ಪು ಹಾಕಿ ತಿಕ್ಕಿದಳು. ಮಂಗಳವಾರ ಲಾರಿಯಿಂದ ಇಳಿದ ಮಾಂಸವನ್ನು ತುಂಡುಮಾಡಿ ನೇರ ಪೆಟ್ಟಿಗೆಗೆ ಹಾಕಿದಳು. ಹೆಗಲು ಬರಿದಾಗಿತ್ತು, ಗಳಿಗೆಗೊಮ್ಮೆ ಕೈ ಅಲ್ಲಿಗೆ ಹೋಗಿ ಬರುತ್ತಿತ್ತು.

"ಏನೇ ಇದು, ಐಸ್‌ಕ್ರೀಂ ಅಂಗಡಿ ಇಟ್ಯಾ?" ಎಂದ ಚಿನ್‌ಶುಯಿ.

"ಹೂಂ. ನಿನ್ನ ಬಾಯೀನೂ ತಂದು ಇದ್ರಲ್ಲಿಡು, ಒಂಚೂರು ತಣ್ಣಗಾಗ್ಲಿ."

ಬಂದವರು ಗಾಜು ನೋಡಿದರು, ಬೆರಳಿಗೆ ಜಾಗ ಸಿಗದೆ ತಬ್ಬಿಬ್ಬಾದರು. "ನಿನ್ನೇದಾ?" ಎಂದರು. ಕೇಳಿದವರಿಗೆಲ್ಲ ಬೀಯುನ್ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತನ್ನ ಬಟ್ಟೆಯಿಂದ ಒಂದು ಮಗು ಆಸ್ಪತ್ರೆ ಸೇರಿತು, ಅದಕ್ಕೇ ಪೆಟ್ಟಿಗೆ ಎಂದು. ಹಾಗೆ ಹೇಳಿದ ಮೇಲೆ ಯಾರು ನಿಲ್ಲುತ್ತಾರೆ? ಒಂಬತ್ತರ ಹೊತ್ತಿಗೆ ಎದುರುಗಡೆ ಸಾಲು ನಿಂತಿತ್ತು, ಇವಳ ಮುಂದೆ ಒಬ್ಬ ಮುದುಕ ವಿಳಾಸ ಕೇಳುತ್ತಿದ್ದ. ಅವಳಿಗೆ ಸಿಟ್ಟೂ ಬರಲಿಲ್ಲ. ಕಾಲು ನೋಯುತ್ತಿತ್ತು, ಅಷ್ಟೆ.

ಆಗ ಚುನ್‌ಮಿಯಾನ್ ಬಂದಳು. ಯಾವತ್ತೂ ಇಲ್ಲದ ಹಾಗೆ ಒಂಬತ್ತಕ್ಕೇ. ಹಿಂದೆ ಥಾಮ್, ಎದೆಗೆ ಕಟ್ಟಿದ ಮಗು. ಚುನ್‌ಮಿಯಾನ್ ಬೀಯುನ್‌ಳ ಕಟ್ಟೆಯನ್ನು ಅಲ್ಲಿ ಬರೀ ಗೋಡೆ ಇದೆ ಎಂಬ ಹಾಗೆ ದಾಟಿ ಚಿನ್‌ಶುಯಿಯ ಮುಂದೆ ನಿಂತಳು. ಕೊಕ್ಕೆಯ ಮಾಂಸಕ್ಕೆ ತೋರುಬೆರಳು ಒತ್ತಿದಳು. ಗುಳಿ ತಟ್ಟನೆ ಮೇಲೆದ್ದಿತು.

"ಬೆಚ್ಚಗಿದೆ. ಈ ಭುಜದ್ದು ಮಗೂಗೆ ಒಂದು ತುಂಡು ತೆಗೆದಿಡಪ್ಪ. ದೇವಸ್ಥಾನಕ್ಕೆ ಹೋಗಿ ಹತ್ತೂವರೆಗೆ ಬರ್ತೀನಿ."

"ಅದಕ್ಕೇನಕ್ಕ, ನಿಮಗಿಲ್ದೇ ಇನ್ಯಾರಿಗೆ!" ಚಿನ್‌ಶುಯಿ ಹೆಗಲ ಬಟ್ಟೆ ಎಳೆದುಕೊಂಡು ತುಂಡು ಒರೆಸತೊಡಗಿದ.

ಬೀಯುನ್‌ಗೆ ಕೂಗಬೇಕು ಅನ್ನಿಸಿತು. ಕೂಗಿದರೆ ಗಿರಾಕಿ ಹೋದ ಹೊಟ್ಟೆಕಿಚ್ಚು ಅನ್ನುತ್ತಾರೆ. ಆದರೂ ಕೊರಡು ಹಿಡಿದು ಎದ್ದಳು.

ಅವಳಿಗಿಂತ ಮೊದಲು ಥಾಮ್ ಮಾತಾಡಿದಳು. "ಬೇಡ."

ಮೂರು ವರ್ಷದಲ್ಲಿ ಆ ಮಾರುಕಟ್ಟೆ ಅವಳ ದನಿಯನ್ನು ಅಷ್ಟು ಸ್ಪಷ್ಟವಾಗಿ ಕೇಳಿರಲಿಲ್ಲ. ಸಾಲಿನಲ್ಲಿದ್ದವರೆಲ್ಲ ತಿರುಗಿದರು.

"ತೆಗೆದಿಡೋದು ಬೇಡ. ಒರೆಸೋದೂ ಬೇಡ. ನನ್ನ ಮಗೂಗೆ ಆ ಗಾಜಿನೊಳಗಿಂದ ತಗೋತೀನಿ. ಮನೇಲಿ ನಾನೇ ಕುದಿಸ್ತೀನಿ. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು."

ಚುನ್‌ಮಿಯಾನ್‌ಳ ಬೆರಳು ಇನ್ನೂ ಮಾಂಸದ ಮೇಲೇ ಇತ್ತು. ಮುಖ ಕೆಂಪಾಯಿತು. ಇಷ್ಟು ಜನರ ಎದುರು ಸೊಸೆ ಎದುರಾಡಿದಾಗ ಅತ್ತೆಯಾದವಳು ಮಾಡುವುದನ್ನೇ ಅವಳೂ ಮಾಡಿದಳು. ಜೊತೆಗೆ ನಗಲು ಒಬ್ಬರನ್ನು ಹುಡುಕಿದಳು. ಮುನಿಸು ಮರೆತು, ಇಪ್ಪತ್ತೆಂಟು ವರ್ಷದ ಅಭ್ಯಾಸದಂತೆ, ಅವಳ ಕಣ್ಣು ನೇರ ಎದುರು ಕಟ್ಟೆಗೆ ಬಂತು. ನಗು ಆಗಲೇ ತುಟಿಯ ಕೊನೆಗೆ ಬಂದಿತ್ತು.

"ಕೇಳಿದ್ಯೇನೇ ಬೀಯುನ್, ನನ್ನ ಸೊಸೆ ಮಾತು?"

ಬೀಯುನ್ ನಗಲಿಲ್ಲ.